ಹಿರಿಯ ಅಧಿಕಾರಿಗಳಿಗೂ ಕಂಪನಿ ಮುಖ್ಯಸ್ಥರಿಗೂ ಒಟ್ಟಿಗೆ ನೀತಿ, ಕಾರ್ಯತಂತ್ರದ ತರಬೇತಿ: ಕೋರ್ಸು ಕಟ್ಟುವ ಬಗೆ

ದೇಶದ ನೀತಿ ರೂಪಿಸುವ ಹಂತಕ್ಕೆ ಬಂದ ಹಿರಿಯರನ್ನು ಮತ್ತೆ ತರಗತಿಯಲ್ಲಿ ಕೂರಿಸುವ ಪದ್ಧತಿಗೆ ಸುಮಾರು ನೂರು ವರ್ಷಗಳ ಇತಿಹಾಸವಿದೆ. ಮೊದಲ ಮಹಾಯುದ್ಧದಲ್ಲಿ ಸೇನೆಗೆ ಬೇಕಾದ ಸರಕನ್ನು ಕಾರ್ಖಾನೆಗಳಿಂದ ಹೊಂದಿಸಲು ಪಟ್ಟ ಪಾಡನ್ನು ಕಂಡ ಅಮೆರಿಕ 1924ರಲ್ಲಿ ಅದಕ್ಕೆಂದೇ ಒಂದು ಕಾಲೇಜು ತೆರೆಯಿತು. 1927ರಲ್ಲಿ ಲಂಡನ್ನಿನಲ್ಲಿ ಇಂಪೀರಿಯಲ್ ಡಿಫೆನ್ಸ್ ಕಾಲೇಜು ಶುರುವಾಯಿತು. ಬ್ರೆಜಿಲ್ 1949ರಲ್ಲಿ, ಭಾರತ 1960ರಲ್ಲಿ, ಫಿನ್ಲೆಂಡ್ 1961ರಲ್ಲಿ, ನೈಜೀರಿಯಾ 1979ರಲ್ಲಿ ತಮ್ಮದೇ ವ್ಯವಸ್ಥೆ ಮಾಡಿಕೊಂಡವು. ದೆಹಲಿಯ ನ್ಯಾಷನಲ್ ಡಿಫೆನ್ಸ್ ಕಾಲೇಜಿನ ಕೋರ್ಸು 47 ವಾರಗಳದ್ದು. ಫಿನ್ಲೆಂಡಿನದು ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ಆದರೆ ಅಲ್ಲಿ ಸಂಸದರು, ಅಧಿಕಾರಿಗಳು, ಸೇನೆಯವರು, ಕಂಪನಿಗಳ ಮುಖ್ಯಸ್ಥರು, ಪತ್ರಕರ್ತರು ಎಲ್ಲರೂ ಒಂದೇ ತರಗತಿಯಲ್ಲಿರುತ್ತಾರೆ.

ಈಗ ಅನೇಕ ಸಂಸ್ಥೆಗಳು, ಸಚಿವಾಲಯಗಳು, ವಿಶ್ವವಿದ್ಯಾಲಯಗಳು ಇಂಥ ಕೋರ್ಸನ್ನು ಹೊಸದಾಗಿ ಕಟ್ಟಲು ಹೊರಡುತ್ತವೆ. ಜವಾಬ್ದಾರಿ ವಹಿಸಿಕೊಂಡವರು ಸಾಮಾನ್ಯವಾಗಿ ಭಾಷಣಕಾರರ ಪಟ್ಟಿಯಿಂದ ಕೆಲಸ ಆರಂಭಿಸುತ್ತಾರೆ. ಯಾರನ್ನು ಕರೆಯೋಣ, ಉದ್ಘಾಟನೆಗೆ ಯಾರು ಬರುತ್ತಾರೆ, ಯಾವ ದಿನ ಯಾವ ವಿಷಯ ಎಂಬುದೇ ಮೊದಲ ಸಭೆಯ ಚರ್ಚೆಯಾಗುತ್ತದೆ. ನನ್ನ ಮಟ್ಟಿಗೆ ಅದು ಕೊನೆಯ ಕೆಲಸ. ಇಪ್ಪತ್ತೈದು ವರ್ಷ ಕೆಲಸ ಮಾಡಿ ಬಂದವರಿಗೆ ಇನ್ನಷ್ಟು ಉಪನ್ಯಾಸಗಳಿಂದ ಆಗುವುದು ಕಡಿಮೆ. ಎದುರು ಕುರ್ಚಿಯಲ್ಲಿ ಕೂತವರ ಕಷ್ಟವನ್ನು ಅರಿತು, ಅವರ ಜೊತೆಗೂಡಿ ಒಂದು ನಿಜವಾದ ಪ್ರಶ್ನೆಗೆ ಉತ್ತರ ಕಂಡುಕೊಂಡು, ಆ ಉತ್ತರವನ್ನು ಅಧಿಕಾರದಲ್ಲಿರುವವರ ಮುಂದೆ ಇಡುವ ಅವಕಾಶ ಮಾತ್ರ ಅವರಿಗೆ ಬೇರೆ ಎಲ್ಲಿಯೂ ಸಿಗುವುದಿಲ್ಲ. ಕೋರ್ಸಿನ ಪ್ರತಿ ದಿನವೂ ಆ ಅವಕಾಶಕ್ಕೆ ಒದಗಿಬರಬೇಕು. ಕೆಳಗಿನ ಹಂತಗಳನ್ನು ಬರೆದಿರುವುದು ಆ ಉದ್ದೇಶದಿಂದಲೇ.

1. ಉತ್ತರ ಯಾರಿಗೆ ಬೇಕಾಗಿದೆ ಎಂದು ಮೊದಲು ಗೊತ್ತುಮಾಡಿಕೊಳ್ಳಿ

ಕೋರ್ಸಿಗೊಂದು ಪ್ರಶ್ನೆ ಬೇಕು, ಆ ಪ್ರಶ್ನೆಗೆ ಒಬ್ಬ ವಾರಸುದಾರ ಬೇಕು. ನೈಜೀರಿಯಾದ ಜೋಸ್ ನಗರದ ಹತ್ತಿರ, ಕುರು ಎಂಬಲ್ಲಿ ಇರುವ ರಾಷ್ಟ್ರೀಯ ನೀತಿ ಮತ್ತು ಕಾರ್ಯತಂತ್ರ ಅಧ್ಯಯನ ಸಂಸ್ಥೆಯ ಹಿರಿಯರ ಕೋರ್ಸಿನಲ್ಲಿ ಈ ಕ್ರಮ ಚೆನ್ನಾಗಿ ಕಾಣುತ್ತದೆ. ಆ ವರ್ಷದ ಅಧ್ಯಯನದ ವಿಷಯಕ್ಕೆ ದೇಶದ ಅಧ್ಯಕ್ಷರ ಒಪ್ಪಿಗೆ ಇರುತ್ತದೆ, ಕೊನೆಗೆ ಶಿಬಿರಾರ್ಥಿಗಳ ವರದಿ ಹೋಗುವುದೂ ಅಧ್ಯಕ್ಷರಿಗೇ. ವರದಿಯಂತೆ ಎಷ್ಟು ನಡೆಯುತ್ತದೆ ಎಂಬುದು ಬೇರೆ ಮಾತು. ಓದುವವರು ಯಾರು ಎಂದು ಗೊತ್ತಿದ್ದಾಗ ಬರೆಯುವವರ ಕೈ ಬಿಗಿಯಾಗುತ್ತದೆ, ಹಾರಿಕೆಯ ವಾಕ್ಯಗಳು ತಾವಾಗಿಯೇ ಕಡಿಮೆಯಾಗುತ್ತವೆ.

ಆದ್ದರಿಂದ ಕೋರ್ಸು ಆರಂಭವಾಗುವ ಆರು ತಿಂಗಳ ಮೊದಲೇ ಸಂಬಂಧಪಟ್ಟ ಸಚಿವರನ್ನೋ ಸಂಪುಟ ಕಾರ್ಯದರ್ಶಿಯನ್ನೋ ಕಂಡು ಮಾತಾಡಿ. ‘ಮುಂದಿನ ಎರಡು ವರ್ಷಗಳಲ್ಲಿ ನೀವು ತೀರ್ಮಾನ ಮಾಡಲೇಬೇಕಾದ, ಆದರೆ ಇನ್ನೂ ಮನಸ್ಸು ಮಾಡಿರದ ವಿಷಯ ಯಾವುದು?’ ಎಂದು ಕೇಳಿ. ‘ಸುಸ್ಥಿರ ಅಭಿವೃದ್ಧಿ’, ‘ಡಿಜಿಟಲ್ ಪರಿವರ್ತನೆ’ ಎಂಬಂಥ ಉತ್ತರ ಬಂದರೆ ಅಲ್ಲಿಗೇ ಬಿಡಬೇಡಿ, ಮತ್ತೆ ಕೇಳಿ. ‘ಹತ್ತು ವರ್ಷಗಳಲ್ಲಿ ವಿದ್ಯುತ್ ಬೇಡಿಕೆ ಹೆಚ್ಚಿದಾಗ ಹೊಸ ಪ್ರಸರಣ ಮಾರ್ಗಗಳ ಖರ್ಚನ್ನು ಗ್ರಾಹಕರಿಂದ ವಸೂಲಿ ಮಾಡಬೇಕೋ, ತೆರಿಗೆಯಿಂದ ಭರಿಸಬೇಕೋ?’ ಎಂಬುದು ಪ್ರಶ್ನೆ. ಅದಕ್ಕೆ ಎರಡು ಬಗೆಯ ಉತ್ತರ ಸಾಧ್ಯ, ಎರಡರಲ್ಲೂ ಯಾರಿಗೋ ನಷ್ಟವಿದೆ. ಎಲ್ಲರೂ ಹೌದೆನ್ನುವ ವಿಷಯದ ಮೇಲೆ ಹಿರಿಯರ ಸಮಯ ಕಳೆಯಬಾರದು.

ಅದೇ ಭೇಟಿಯಲ್ಲಿ ಇನ್ನೊಂದು ಒಪ್ಪಂದವನ್ನೂ ಬರವಣಿಗೆಯಲ್ಲಿ ಪಡೆಯಿರಿ: ವರದಿ ಕೈಸೇರಿದ ತೊಂಬತ್ತು ದಿನಗಳೊಳಗೆ ಲಿಖಿತ ಉತ್ತರ ಕೊಡಬೇಕು. ಒಪ್ಪಿಕೊಳ್ಳಬೇಕೆಂದೇನೂ ಇಲ್ಲ, ಕಾರಣ ತಿಳಿಸಿದರೆ ಸಾಕು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಾದ ಒಂದು ಘಟನೆ 1941ರ ಜಪಾನಿನದು. ಅದರ ಹಿಂದಿನ ವರ್ಷ ಅಲ್ಲಿನ ಸರ್ಕಾರ ಸಮಗ್ರ ಯುದ್ಧದ ಅಧ್ಯಯನಕ್ಕೆಂದು ಒಂದು ಸಂಸ್ಥೆಯನ್ನು ತೆರೆದಿತ್ತು. ಸಚಿವಾಲಯಗಳಿಂದ, ಸೇನೆ ಮತ್ತು ನೌಕಾಪಡೆಯಿಂದ, ಹಡಗು ಕಂಪನಿ, ಬ್ಯಾಂಕು, ಸುದ್ದಿಸಂಸ್ಥೆಗಳಿಂದ ಮೂವತ್ತರ ಆಸುಪಾಸಿನ ಪ್ರತಿಭಾವಂತರನ್ನು ಆರಿಸಿ ತಂದಿದ್ದರು. ಆ ಬೇಸಿಗೆಯಲ್ಲಿ ಅವರೆಲ್ಲ ಸೇರಿ ಅಣಕು ಸಂಪುಟ ರಚಿಸಿಕೊಂಡು, ಅಮೆರಿಕದ ಜೊತೆ ಯುದ್ಧವಾದರೆ ಏನಾಗುತ್ತದೆಂದು ಲೆಕ್ಕ ಹಾಕಿದರು. ತೈಲ ಎಷ್ಟಿದೆ, ಹಡಗುಗಳು ಎಷ್ಟು ಮುಳುಗಬಹುದು, ಹೊಸದಾಗಿ ಎಷ್ಟು ಕಟ್ಟಬಹುದು ಎಂದು ಒಂದೊಂದನ್ನೇ ಕೂಡಿ ಕಳೆದಾಗ ಉತ್ತರ ಸ್ಪಷ್ಟವಾಗಿತ್ತು: ಯುದ್ಧ ದೀರ್ಘವಾಗುತ್ತದೆ, ಜಪಾನ್ ಸೋಲುತ್ತದೆ. ಆಗಸ್ಟ್ ಕೊನೆಯಲ್ಲಿ ಅದನ್ನು ಪ್ರಧಾನಿ ನಿವಾಸದಲ್ಲಿಯೇ ಮಂಡಿಸಿದರು. ಆಗ ಯುದ್ಧಮಂತ್ರಿಯಾಗಿದ್ದ ತೋಜೋ ಇದು ಮೇಜಿನ ಮೇಲಿನ ಲೆಕ್ಕಾಚಾರ, ನಿಜವಾದ ಯುದ್ಧ ಹೀಗೆ ನಡೆಯುವುದಿಲ್ಲ ಎಂದು ಬದಿಗಿಟ್ಟರು. ಡಿಸೆಂಬರಿನಲ್ಲಿ ಯುದ್ಧ ಶುರುವಾಯಿತು. ಆಯ್ಕೆ ಸರಿಯಿತ್ತು, ಅಧ್ಯಯನವೂ ಸರಿಯಿತ್ತು. ಉತ್ತರಿಸಲೇಬೇಕೆಂಬ ಕಟ್ಟುಪಾಡು ಮಾತ್ರ ಕೇಳಿದವರ ಮೇಲೆ ಇರಲಿಲ್ಲ.

2. ಕೋಣೆಯಲ್ಲಿ ಯಾರಿರಬೇಕು

ಮೂವತ್ತರಿಂದ ಐವತ್ತು ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಮಾತಾಡುವವರು ಹತ್ತು ಜನ, ಉಳಿದವರು ಸಭಿಕರು.

ಆಯ್ಕೆಯಲ್ಲಿ ದೊಡ್ಡ ತೊಡಕು ಇಲಾಖೆಗಳು ಕಳಿಸುವ ಹೆಸರುಗಳದ್ದು. ಹುದ್ದೆ ಸಿಗದೆ ಕಾಯುತ್ತಿರುವವರು, ನಿವೃತ್ತಿಗೆ ಒಂದೇ ವರ್ಷ ಬಾಕಿ ಇರುವವರು, ಮೇಲಧಿಕಾರಿಗೆ ಬೇಡವಾದವರು ತರಬೇತಿಯ ಪಟ್ಟಿಗೆ ಸೇರಿಬಿಡುತ್ತಾರೆ. ಅವರಲ್ಲೂ ಒಳ್ಳೆಯವರಿರುತ್ತಾರೆ, ನಿಜ. ಆದರೂ ಕೋರ್ಸಿನ ಫಲ ಕಾಣಬೇಕಾದರೆ ಬಂದವರಿಗೆ ಮುಂದೆ ಕನಿಷ್ಠ ಐದಾರು ವರ್ಷ ಸೇವೆ ಇರಬೇಕು. ಪ್ರತಿ ಇಲಾಖೆಯಿಂದ ಎರಡು ಹೆಸರು ಕೇಳಿ, ಇಬ್ಬರೊಂದಿಗೂ ಅರ್ಧ ಗಂಟೆ ಮಾತಾಡಿ, ಒಬ್ಬರನ್ನು ನೀವೇ ಆರಿಸಿ. ಈ ಅಧಿಕಾರ ಸಂಸ್ಥೆಗೆ ಇಲ್ಲದಿದ್ದರೆ ಮೊದಲು ಅದಕ್ಕಾಗಿ ಹೋರಾಡಿ.

ಖಾಸಗಿ ವಲಯದಿಂದ ಮೂರನೇ ಒಂದರಷ್ಟು ಜನರಿರಲಿ. ಅದಕ್ಕಿಂತ ಕಡಿಮೆಯಾದರೆ ಅವರು ಅತಿಥಿಗಳಂತೆ ಮೂಲೆಯಲ್ಲಿ ಉಳಿಯುತ್ತಾರೆ. ಖಾಸಗಿ ಎಂದರೆ ದೊಡ್ಡ ಕಂಪನಿಗಳು ಮಾತ್ರ ಎಂದುಕೊಳ್ಳಬೇಡಿ. ಸರಕು ಸಾಗಣೆ, ವಿಮೆ, ಆಸ್ಪತ್ರೆ, ಸಹಕಾರಿ ಒಕ್ಕೂಟ, ಮಾಧ್ಯಮ, ಕಾರ್ಮಿಕ ಸಂಘಟನೆ ಇವುಗಳಿಂದಲೂ ಬರಲಿ. ಬಿಕ್ಕಟ್ಟು ಬಂದಾಗ ದೇಶದ ಗೋದಾಮುಗಳಲ್ಲಿ ಏನಿದೆ ಎಂದು ಸಚಿವಾಲಯಕ್ಕಿಂತ ಮೊದಲು ಗೊತ್ತಾಗುವುದು ಇವರಿಗೆ.

ಹಿತಾಸಕ್ತಿಯ ಪ್ರಶ್ನೆಯನ್ನು ಮುಚ್ಚಿಡದೆ ಮೊದಲ ದಿನವೇ ಎದುರಿಸಿ. ಟೆಂಡರು ಕರೆಯುವ ಅಧಿಕಾರಿಯೂ ಟೆಂಡರು ಹಾಕುವ ಕಂಪನಿಯ ಮುಖ್ಯಸ್ಥರೂ ಒಂದೇ ಮೇಜಿನಲ್ಲಿ ತಿಂಗಳುಗಟ್ಟಲೆ ಕೂರುತ್ತಾರೆ ಎಂದಮೇಲೆ ನಿಯಮ ಬೇಕೇ ಬೇಕು. ಪ್ರತಿಯೊಬ್ಬರಿಂದಲೂ ಲಿಖಿತ ಘೋಷಣೆ ಪಡೆಯಿರಿ. ಬಾಕಿ ಇರುವ ಗುತ್ತಿಗೆ, ವ್ಯಾಜ್ಯ, ಪರವಾನಗಿ ಅರ್ಜಿಗಳ ಮಾತು ಕೋರ್ಸಿನ ಆವರಣದಲ್ಲಿ ಎತ್ತುವಂತಿಲ್ಲ ಎಂದು ಅದರಲ್ಲಿರಲಿ. ಗೋಪ್ಯ ಕಡತಗಳನ್ನು ಪಾಠಕ್ಕೆ ಬಳಸಲೇಬೇಡಿ. ಸಾರ್ವಜನಿಕವಾಗಿ ಸಿಗುವ ಬಜೆಟ್ಟು, ಲೆಕ್ಕ ಪರಿಶೋಧನಾ ವರದಿ, ಸಂಸದೀಯ ಸಮಿತಿಗಳ ವರದಿಗಳಲ್ಲಿಯೇ ಒಂದು ವರ್ಷಕ್ಕೆ ಸಾಕಾಗುವಷ್ಟು ಸಾಮಗ್ರಿ ಇರುತ್ತದೆ.

3. ಬರುವ ಮೊದಲೇ ಎರಡು ಪುಟ ಬರೆಸಿ

ಆಯ್ಕೆಯಾದವರಿಗೆ ದಪ್ಪ ಪುಸ್ತಕಗಳ ಕಟ್ಟು ಕಳಿಸುವ ಬದಲು ಒಂದು ಕೆಲಸ ಕೊಡಿ. ‘ನೀವು ಕೈಗೊಂಡ ಒಂದು ತೀರ್ಮಾನದಿಂದ ಬೇರೊಂದು ಇಲಾಖೆಗೋ ಉದ್ಯಮಕ್ಕೋ ಆದ ತೊಂದರೆಯನ್ನು, ಅವರ ಕಡೆಯಿಂದ ನಿಂತು, ಎರಡು ಪುಟಗಳಲ್ಲಿ ಬರೆಯಿರಿ.’ ಹಿರಿಯರಿಗೆ ಇದು ಕಷ್ಟದ ಕೆಲಸ. ಸಾಧನೆಯ ಪಟ್ಟಿ ಬರೆದು ರೂಢಿಯಾದ ಕೈ ಇಲ್ಲಿ ತಡವರಿಸುತ್ತದೆ. ಆ ಬರಹಗಳನ್ನು ಓದಿದರೆ ಯಾರು ಎದುರಿನವರನ್ನು ಗಮನಿಸಬಲ್ಲರು, ಯಾರಿಗೆ ಇನ್ನೂ ತಮ್ಮ ಇಲಾಖೆಯೇ ಲೋಕ ಎಂಬುದು ತಿಳಿಯುತ್ತದೆ. ತಂಡಗಳನ್ನು ಮಾಡುವಾಗ ಇದು ನಿಮಗೆ ದಿಕ್ಕು ತೋರುತ್ತದೆ.

4. ಮೊದಲ ವಾರ: ಒಬ್ಬರ ಲೆಕ್ಕ ಇನ್ನೊಬ್ಬರಿಗೆ

ಅರ್ಥಶಾಸ್ತ್ರ, ಸಂವಿಧಾನ, ಭೂರಾಜಕೀಯಗಳ ಪೀಠಿಕೆ ಬೇಕು, ಆದರೆ ನಾಲ್ಕೈದು ದಿನಗಳಿಗಿಂತ ಹೆಚ್ಚು ಬೇಡ. ಈ ವಾರ ನಿಜವಾಗಿ ಕಲಿಸಬೇಕಾದದ್ದು ಹಣದ ಓಡಾಟ. ಶಾಸನಸಭೆ ಒಪ್ಪಿದ ಲೆಕ್ಕಶೀರ್ಷಿಕೆಯಿಂದ ಬೇರೆ ಶೀರ್ಷಿಕೆಗೆ ಹಣ ಸರಿಸಲು ಅಧಿಕಾರಿಗೆ ಏಕೆ ಆಗುವುದಿಲ್ಲ, ವರ್ಷಾಂತ್ಯದಲ್ಲಿ ಖರ್ಚಾಗದ ಹಣ ಏಕೆ ವಾಪಸು ಹೋಗುತ್ತದೆ ಎಂಬುದು ಬಹುಪಾಲು ಕಂಪನಿ ಮುಖ್ಯಸ್ಥರಿಗೆ ಗೊತ್ತಿರುವುದಿಲ್ಲ. ಸರ್ಕಾರದವರ ನಿಧಾನವೆಂದರೆ ಬರೀ ಸೋಮಾರಿತನ ಎಂದುಕೊಂಡಿರುತ್ತಾರೆ. ಅತ್ತ ಅಧಿಕಾರಿಗಳಿಗೆ ಬಿಲ್ಲು ಪಾವತಿ ಆರು ತಿಂಗಳು ತಡವಾದರೆ ಒಂದು ಸಣ್ಣ ಕಂಪನಿಯ ದುಡಿಯುವ ಬಂಡವಾಳಕ್ಕೆ ಏನಾಗುತ್ತದೆಂಬ ಅಂದಾಜು ಇರುವುದಿಲ್ಲ.

ಆದ್ದರಿಂದ ಪಾಠವನ್ನು ಅದಲುಬದಲು ಮಾಡಿ. ಕಂಪನಿಯವರು ಒಂದು ಸಚಿವಾಲಯದ ಬಜೆಟ್ ಬೇಡಿಕೆಯನ್ನು ಸಾಲುಸಾಲಾಗಿ ಓದಿ ವಿವರಿಸಲಿ, ಪಕ್ಕದಲ್ಲಿ ಹಣಕಾಸು ಅಧಿಕಾರಿ ಕೂತು ತಿದ್ದಲಿ. ಅಧಿಕಾರಿಗಳು ಒಂದು ಕಂಪನಿಯ ನಗದು ಹರಿವಿನ ಪಟ್ಟಿಯನ್ನು ಓದಲಿ, ಲೆಕ್ಕ ಬಲ್ಲ ಉದ್ಯಮಿ ತಿದ್ದಲಿ. ಎರಡು ದಿನಗಳ ಈ ಅಭ್ಯಾಸ ಕೋಣೆಯ ಹವಾ ಬದಲಿಸಿಬಿಡುತ್ತದೆ.

5. ಮಾತಿನ ನಿಯಮಗಳು

ಲಂಡನ್ನಿನ ವಿದೇಶಾಂಗ ಅಧ್ಯಯನ ಸಂಸ್ಥೆ ಚಾಟಮ್ ಹೌಸ್‌ನಲ್ಲಿ 1927ರಲ್ಲಿ ರೂಪುಗೊಂಡ ನಿಯಮ ಇಂದಿಗೂ ಕೆಲಸಕ್ಕೆ ಬರುತ್ತದೆ: ಕೇಳಿದ ವಿಷಯವನ್ನು ಹೊರಗೆ ಬಳಸಬಹುದು, ಹೇಳಿದವರು ಯಾರು ಎಂದು ಹೇಳುವಂತಿಲ್ಲ. ಇದನ್ನು ಬರೆದು ಗೋಡೆಗೆ ಹಾಕಿ. ಹೆಸರಿನ ಫಲಕದಲ್ಲಿ ಹುದ್ದೆ ಬೇಡ. ಆಸನಗಳನ್ನು ವಾರಕ್ಕೊಮ್ಮೆ ಬದಲಿಸಿ, ಇಲ್ಲದಿದ್ದರೆ ಸೇನೆಯವರು ಒಂದು ಕಡೆ, ಆಡಳಿತ ಸೇವೆಯವರು ಒಂದು ಕಡೆ, ಉದ್ಯಮಿಗಳು ಕಿಟಕಿ ಬಳಿ ಎಂದು ಮೂರೇ ದಿನಗಳಲ್ಲಿ ಹಂಚಿಹೋಗುತ್ತಾರೆ. ಫೋನುಗಳು ಹೊರಗಿರಲಿ.

ಚರ್ಚೆಯಲ್ಲಿ ಅತ್ಯಂತ ಹಿರಿಯರು ಕೊನೆಗೆ ಮಾತಾಡಬೇಕು, ಅತ್ಯಂತ ಕಿರಿಯರು ಮೊದಲು. 1962ರ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ತಮ್ಮ ಸಲಹೆಗಾರರ ಕೆಲವು ಸಭೆಗಳಿಂದ ಬೇಕೆಂದೇ ದೂರ ಉಳಿದಿದ್ದರು. ತಾವಿದ್ದರೆ ಎಲ್ಲರೂ ತಮ್ಮ ಮುಖ ನೋಡಿ ಮಾತಾಡುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಹಿಂದಿನ ವರ್ಷ ಕ್ಯೂಬಾದ ಮೇಲೆ ನಡೆಸಿದ ಬೇ ಆಫ್ ಪಿಗ್ಸ್ ದಾಳಿಯ ತೀರ್ಮಾನದಲ್ಲಿ ಯಾರೂ ಗಟ್ಟಿಯಾಗಿ ಎದುರಾಡದೆ ಆದ ಅನಾಹುತ ಅದಕ್ಕೆ ಹಿನ್ನೆಲೆ. ನಿಮ್ಮ ಕೋರ್ಸಿನ ನಿರ್ದೇಶಕರೂ ಆಗಾಗ ಎದ್ದು ಹೊರಗೆ ಹೋಗುವುದನ್ನು ರೂಢಿಸಿಕೊಳ್ಳಲಿ.

6. ಮೂರು ದಾರಿಗಳನ್ನು ಮೂರು ತಂಡಗಳಿಗೆ ಕೊಡಿ

ಕಾರ್ಯತಂತ್ರವೆಂದರೆ ಗುರಿ, ದಾರಿ, ಸಾಧನ ಈ ಮೂರನ್ನೂ ಒಂದಕ್ಕೊಂದು ಹೊಂದಿಸುವ ಕೆಲಸ. ಸಾಧನವಿಲ್ಲದ ಗುರಿ ಬರೀ ಆಸೆ. ಇಷ್ಟನ್ನು ಒಂದು ಬೆಳಿಗ್ಗೆ ಹೇಳಿಬಿಡಬಹುದು. ಅಭ್ಯಾಸ ಮಾಡಿಸುವುದೇ ಕಷ್ಟ, ಅದಕ್ಕೆ ನನಗೆ ಗೊತ್ತಿರುವ ಉತ್ತಮ ಮಾದರಿ ಅಮೆರಿಕದ 1953ರ ಸೋಲಾರಿಯಂ ಯೋಜನೆ. ಆಗಷ್ಟೇ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ಮುಂದೆ ಸೋವಿಯತ್ ಒಕ್ಕೂಟವನ್ನು ಹೇಗೆ ಎದುರಿಸಬೇಕು ಎಂಬ ಪ್ರಶ್ನೆ ಇತ್ತು, ಆಪ್ತರಲ್ಲಿಯೇ ಭಿನ್ನಾಭಿಪ್ರಾಯವಿತ್ತು. ಅವರು ಮೂರು ತಂಡಗಳನ್ನು ಮಾಡಿಸಿ ಒಂದೊಂದಕ್ಕೂ ಒಂದೊಂದು ದಾರಿಯನ್ನು ವಹಿಸಿದರು. ಸೋವಿಯತ್ ವಿಸ್ತರಣೆಯನ್ನು ತಡೆಗಟ್ಟುವ, ಆಗಲೇ ಇದ್ದ ನೀತಿಯನ್ನು ಮುಂದುವರಿಸುವುದು ಒಂದು. ಗೆರೆ ಎಳೆದು, ದಾಟಿದರೆ ಯುದ್ಧ ಎನ್ನುವುದು ಇನ್ನೊಂದು. ಸೋವಿಯತ್ ಪ್ರಭಾವವನ್ನು ಹಿಂದಕ್ಕೆ ತಳ್ಳುವುದು ಮೂರನೆಯದು. ತಂಡಗಳು ವಾಷಿಂಗ್ಟನ್ನಿನ ನ್ಯಾಷನಲ್ ವಾರ್ ಕಾಲೇಜಿನಲ್ಲಿ ಕೆಲವು ವಾರ ಕೂತು ತಮ್ಮ ತಮ್ಮ ದಾರಿಯ ಪರವಾಗಿ ಸಾಧ್ಯವಿರುವಷ್ಟು ಬಲವಾದ ವಾದ ಕಟ್ಟಿದವು. ಜುಲೈ 16ರಂದು ಅಧ್ಯಕ್ಷರ ಎದುರು ಮೂರನ್ನೂ ಮಂಡಿಸಲಾಯಿತು. ಮೊದಲ ತಂಡದ ಮುಂದಾಳು ಜಾರ್ಜ್ ಕೆನನ್, ಸ್ವಲ್ಪ ಹಿಂದಷ್ಟೇ ವಿದೇಶಾಂಗ ಇಲಾಖೆಯಿಂದ ಹೊರಬಿದ್ದವರು. ಅಂಥವರನ್ನು ಕರೆಸಿ ಮಾತಾಡಿಸುವ ದೊಡ್ಡ ಮನಸ್ಸು ಆ ವ್ಯವಸ್ಥೆಗಿತ್ತು.

ಇದನ್ನು ನಿಮ್ಮ ಕೋರ್ಸಿಗೆ ಅಳವಡಿಸುವಾಗ ಒಂದು ಎಚ್ಚರ. ತಂಡಗಳು ತಮಗಿಷ್ಟವಾದ ದಾರಿಯನ್ನು ಆರಿಸಿಕೊಳ್ಳಲು ಬಿಡಬೇಡಿ. ಸಬ್ಸಿಡಿ ಕಡಿತವನ್ನು ಜೀವನವಿಡೀ ವಿರೋಧಿಸಿದ ಕಾರ್ಮಿಕ ಮುಖಂಡರು ಕಡಿತದ ಪರ ವಾದ ಕಟ್ಟಲಿ, ಹಣಕಾಸು ಅಧಿಕಾರಿ ಅದರ ವಿರುದ್ಧ. ವಾದ ಎಷ್ಟು ಪ್ರಾಮಾಣಿಕವಾಗಿದೆ ಎಂದು ನೋಡುವವರು ಆ ದಾರಿಯನ್ನು ನಿಜವಾಗಿ ನಂಬುವವರೇ ಆಗಿರಲಿ. ‘ನನ್ನ ಮಾತನ್ನು ನನಗಿಂತ ಚೆನ್ನಾಗಿ ಹೇಳಿದರು’ ಎಂದು ಅವರು ಒಪ್ಪುವ ತನಕ ತಂಡ ಮತ್ತೆ ಬರೆಯಬೇಕು.

ಮೂರು ವಾದಗಳೂ ಸಿದ್ಧವಾದ ಮೇಲೆ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಪ್ರಚಲಿತಗೊಳಿಸಿದ ಒಂದು ವಿಧಾನ ಉಪಯೋಗಕ್ಕೆ ಬರುತ್ತದೆ. ‘ಎರಡು ವರ್ಷ ಕಳೆದಿದೆ, ನೀವು ಸೂಚಿಸಿದ ಯೋಜನೆ ಪೂರ್ತಿ ಸೋತಿದೆ. ಏಕೆ ಸೋತಿತು?’ ಎಂದು ಕೇಳಿ, ಪ್ರತಿಯೊಬ್ಬರೂ ಹತ್ತು ನಿಮಿಷ ಮೌನವಾಗಿ ಬರೆಯಲಿ. ‘ಏನಾದರೂ ತೊಂದರೆ ಇದೆಯೇ?’ ಎಂದು ಕೇಳಿದಾಗ ಸುಮ್ಮನಿರುವವರು, ಸೋಲು ಆಗಿಹೋಗಿದೆ ಎಂದಾಗ ಹತ್ತು ಕಾರಣ ಬರೆಯುತ್ತಾರೆ.

7. ಹೊರಗೆ ಹೋಗಿ ನೋಡುವುದು

ಅಧ್ಯಯನ ಪ್ರವಾಸ ಬಹಳ ಕಡೆ ಸ್ವಾಗತ, ಹಾರ, ಪವರ್‌ಪಾಯಿಂಟ್‌ಗಳಲ್ಲಿ ಮುಗಿಯುತ್ತದೆ. ಅದನ್ನು ತಪ್ಪಿಸಲು ಒಂದು ಉದ್ಯಮ ಅಥವಾ ಸೇವೆಯ ಸರಪಳಿಯನ್ನು ಮೊದಲಿಂದ ಕೊನೆಯವರೆಗೆ ನೋಡಿ. 1924ರಲ್ಲಿ ಶುರುವಾದ ಆ ಅಮೆರಿಕನ್ ಕಾಲೇಜು ಈಗ ಐಸೆನ್‌ಹೋವರ್ ಹೆಸರಿನಲ್ಲಿದೆ, ಅಲ್ಲಿ ವಿದ್ಯಾರ್ಥಿಗಳು ಒಂದೊಂದು ಉದ್ಯಮವನ್ನು ಹಿಡಿದು ಕಾರ್ಖಾನೆಗಳಿಗೇ ಹೋಗಿ ಅಧ್ಯಯನ ಮಾಡುವ ಪದ್ಧತಿ ಇದೆ. ಭೇಟಿಯ ಸ್ಥಳದಲ್ಲಿ ಮುಖ್ಯಸ್ಥರ ಭಾಷಣ ಹತ್ತು ನಿಮಿಷಕ್ಕೆ ಮುಗಿಯಲಿ, ಪಾಳಿಯ ಮೇಲ್ವಿಚಾರಕರೊಂದಿಗೆ, ಗೋದಾಮಿನ ಗುಮಾಸ್ತರೊಂದಿಗೆ, ಲಾರಿ ಚಾಲಕರೊಂದಿಗೆ ಮಾತಾಡಲು ಎರಡು ಗಂಟೆ ಸಿಗಲಿ.

8. ಅಣಕು ಬಿಕ್ಕಟ್ಟು: ಎರಡು ದಿನ, ಪೂರ್ತಿ ತಯಾರಿಯೊಂದಿಗೆ

ಇಡೀ ಕೋರ್ಸಿನಲ್ಲಿ ಹೆಚ್ಚು ಶ್ರಮ ಬೇಡುವುದು ಇದು, ಹೆಚ್ಚು ಕಲಿಸುವುದೂ ಇದೇ. ಒಂದು ಉದಾಹರಣೆಯನ್ನು ವಿವರವಾಗಿಯೇ ಹೇಳುತ್ತೇನೆ, ನಿಮ್ಮ ವಿಷಯಕ್ಕೆ ತಕ್ಕಂತೆ ಬದಲಿಸಿಕೊಳ್ಳಬಹುದು.

ವಿಷಯ ರಸಗೊಬ್ಬರ. ಯೂರಿಯಾ ತಯಾರಿಗೆ ನೈಸರ್ಗಿಕ ಅನಿಲ ಬೇಕು, ಆದ್ದರಿಂದ ಅನಿಲದ ಬೆಲೆ ಏರಿದರೆ ಗೊಬ್ಬರದ ಬೆಲೆಯೂ ಏರುತ್ತದೆ. ಪೊಟ್ಯಾಷ್ ಉತ್ಪಾದನೆಯಲ್ಲಿ ಕೆನಡಾ, ರಷ್ಯಾ, ಬೆಲಾರೂಸ್‌ಗಳದ್ದೇ ದೊಡ್ಡ ಪಾಲು. ಬಿತ್ತನೆಯ ಕಾಲ ಯಾರಿಗೂ ಕಾಯುವುದಿಲ್ಲ. ಶ್ರೀಲಂಕಾ 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಗೇ ನಿಷೇಧಿಸಿ, ಅದೇ ವರ್ಷದ ನವೆಂಬರ್ ಹೊತ್ತಿಗೆ ಹಿಂದೆಗೆಯಬೇಕಾಯಿತು. ಅಷ್ಟರಲ್ಲಿ ಭತ್ತ, ಚಹಾ ಬೆಳೆಗಾರರಿಗೆ ಪೆಟ್ಟು ಬಿದ್ದಾಗಿತ್ತು. ಕೃಷಿ, ಹಣಕಾಸು, ವಿದೇಶಾಂಗ, ಬಂದರು, ಸಾಗಣೆ, ಸುದ್ದಿ ಎಲ್ಲವೂ ಇದರಲ್ಲಿ ಬರುತ್ತವೆ, ಹೀಗಾಗಿ ಯಾರೂ ಸುಮ್ಮನೆ ಕೂರಲಾಗದು.

ಒಂದು ಕಾಲ್ಪನಿಕ ದೇಶವನ್ನು ನಾಲ್ಕು ಪುಟಗಳಲ್ಲಿ ಬರೆದುಕೊಳ್ಳಿ: ಎರಡು ಬಂದರು, ಐದು ವಾರಕ್ಕಾಗುವಷ್ಟು ದಾಸ್ತಾನು, ಬಿತ್ತನೆಗೆ ಏಳು ವಾರ. ನಂತರ ಪಾತ್ರ ಹಂಚಿ, ಎಲ್ಲರನ್ನೂ ಅವರವರ ನಿಜಜೀವನದ ಎದುರು ಬದಿಗೆ ಹಾಕಿ. ಬ್ಯಾಂಕಿನ ಮುಖ್ಯಸ್ಥರು ಕೃಷಿ ಕಾರ್ಯದರ್ಶಿಯಾಗಲಿ, ಕೃಷಿ ಕಾರ್ಯದರ್ಶಿ ಗೊಬ್ಬರ ಆಮದು ಮಾಡುವ ವ್ಯಾಪಾರಿಯಾಗಲಿ. ಕಂಪನಿಯ ಮುಖ್ಯಸ್ಥೆ ಜಿಲ್ಲಾಡಳಿತ ನೋಡಿಕೊಳ್ಳಲಿ, ಸೇನಾಧಿಕಾರಿ ಸುದ್ದಿವಾಹಿನಿಯ ಸಂಪಾದಕರಾಗಲಿ.

ಬೆಳಿಗ್ಗೆ 9 ಗಂಟೆಗೆ ಅಭ್ಯಾಸ ನಡೆಸುವವರ ನಿಯಂತ್ರಣ ಕೋಣೆಯಿಂದ ಮೊದಲ ಚೀಟಿ: ಅನಿಲ ಪೂರೈಸುವ ದೇಶ ಶೇ 30ರಷ್ಟು ಕಡಿತ ಮಾಡಿದೆ. ಸಂಪುಟ ಸೇರುತ್ತದೆ, ಸಮಿತಿ ರಚಿಸೋಣ ಎಂಬಲ್ಲಿಗೆ ಬರುತ್ತದೆ. 10.30ಕ್ಕೆ ಎರಡನೇ ಚೀಟಿ: ವ್ಯಾಪಾರಿಯ ಬಳಿ ದಾಸ್ತಾನಿದೆ, ಆದರೆ ಬೆಲೆ ಮಿತಿ ತೆಗೆಯದೆ ಮಾರಲು ಒಪ್ಪುತ್ತಿಲ್ಲ. ಆ ವ್ಯಾಪಾರಿ ನಿಜಜೀವನದಲ್ಲಿ ಬೆಲೆ ಮಿತಿಯ ಆದೇಶಗಳಿಗೆ ಸಹಿ ಹಾಕುವವರು. ಸಾಲದ ಬಡ್ಡಿ ದಿನದಿನಕ್ಕೆ ಏರುವ ಲೆಕ್ಕದ ಹಾಳೆಯನ್ನು ಕೈಯಲ್ಲಿ ಹಿಡಿದು ಅವರು ಚೌಕಾಸಿಗೆ ಕೂರುವಾಗ ದನಿಯೇ ಬದಲಾಗಿರುತ್ತದೆ. 11.40ಕ್ಕೆ ಮೂರನೆಯದು: ವಾಹಿನಿಯಲ್ಲಿ ರೈತರ ಸರದಿ ಸಾಲು ಕಾಣುತ್ತಿದೆ, ಹದಿನೈದು ನಿಮಿಷಗಳಲ್ಲಿ ಸಚಿವರ ಹೇಳಿಕೆ ಬೇಕು. ‘ಕೊರತೆಯಿಲ್ಲ, ಗಾಬರಿ ಬೇಡ’ ಎಂಬ ಸಾಲು ಮೊದಲು ಹೊರಬರುತ್ತದೆ. ಅದು ಹೊರಬಂದ ಕೂಡಲೇ ನಿಮ್ಮ ನಿಯಂತ್ರಣ ಕೋಣೆ ನಾಲ್ಕನೇ ಚೀಟಿ ಕಳಿಸಬೇಕು: ಒಂದು ಜಿಲ್ಲೆಯಲ್ಲಿ ದಾಸ್ತಾನು ನಿನ್ನೆಯೇ ಮುಗಿದಿದೆ.

ಇಲ್ಲಿ ಗಮನಿಸಬೇಕಾದ ಒಂದು ಪ್ರಶ್ನೆಯಿದೆ. ಬಂದರಿನಿಂದ ಹೊಲದವರೆಗೆ ಗೊಬ್ಬರ ತಲುಪಲು ಎಷ್ಟು ದಿನ ಬೇಕು? ಇದನ್ನು ಯಾರು, ಎಷ್ಟು ಹೊತ್ತಿಗೆ ಕೇಳುತ್ತಾರೆ ಎಂದು ಬರೆದಿಟ್ಟುಕೊಳ್ಳಿ. ಸಚಿವಾಲಯಗಳ ಪಾತ್ರಗಳಿಗೆ ಕೊಟ್ಟ ಯಾವ ಹಾಳೆಯಲ್ಲಿಯೂ ಆ ಸಂಖ್ಯೆಯನ್ನು ಹಾಕಬೇಡಿ, ಸಾಗಣೆ ಕಂಪನಿಯ ಪಾತ್ರಧಾರಿಯ ಹಾಳೆಯಲ್ಲಿ ಮಾತ್ರ ಇರಲಿ: ರೈಲು, ಲಾರಿ, ಇಳಿಸುವಿಕೆ, ಚೀಲ ತುಂಬುವಿಕೆ ಸೇರಿ ಹದಿನೆಂಟು ದಿನ. ಐದು ವಾರದ ದಾಸ್ತಾನು, ಏಳು ವಾರದ ಗಡುವು, ಹದಿನೆಂಟು ದಿನದ ದಾರಿ ಈ ಮೂರನ್ನೂ ಒಂದೇ ಹಾಳೆಯ ಮೇಲೆ ಬರೆಯುವ ತನಕ ಸಂಪುಟದ ಚರ್ಚೆಯೆಲ್ಲ ಗಾಳಿಯಲ್ಲಿರುತ್ತದೆ. ಸಾಗಣೆ ಕಂಪನಿಯವರನ್ನು ಸಭೆಗೆ ಕರೆಯುವುದು ಯಾರಿಗೆ ಹೊಳೆಯುತ್ತದೆ ಎಂಬುದೇ ಆ ದಿನದ ಪರೀಕ್ಷೆ.

ಆಟಕ್ಕೆ ಎಷ್ಟು ಸಮಯ ಕೊಟ್ಟಿರೋ ನಂತರದ ವಿಮರ್ಶೆಗೂ ಅಷ್ಟೇ ಕೊಡಿ. ಪ್ರತಿಯೊಬ್ಬರನ್ನೂ ಕೇಳಿ: ಈ ಮಾಹಿತಿ ನಿಮಗೆ ಯಾವಾಗ ಗೊತ್ತಾಯಿತು, ಯಾರಿಗೆ ಹೇಳಲಿಲ್ಲ, ಏಕೆ? ಅಂಕ ಕೊಡಬೇಡಿ, ಗೆದ್ದವರನ್ನು ಘೋಷಿಸಬೇಡಿ. ತಪ್ಪು ನಿರ್ಧಾರ ಮಾಡಿದವರನ್ನು ನಗೆಪಾಟಲು ಮಾಡಿದರೆ ಮುಂದಿನ ಅಭ್ಯಾಸದಲ್ಲಿ ಯಾರೂ ನಿರ್ಧಾರವನ್ನೇ ಮಾಡುವುದಿಲ್ಲ.

9. ವರದಿ ಬರೆಯುವುದು

ನೂರು ಪುಟಗಳ ವರದಿಯನ್ನು ಸಚಿವರು ಓದುವುದಿಲ್ಲ. ಮುಖ್ಯ ಟಿಪ್ಪಣಿ ಎರಡೇ ಪುಟ ಇರಲಿ, ಅಂಕಿಅಂಶಗಳು ಅನುಬಂಧಕ್ಕೆ ಹೋಗಲಿ. ಮೊದಲ ವಾಕ್ಯದಲ್ಲಿಯೇ ಶಿಫಾರಸು ಇರಬೇಕು. ಅದರ ಬೆನ್ನಿಗೆ ಇದರಿಂದ ಯಾರಿಗೆ ನಷ್ಟ, ಖರ್ಚು ಎಷ್ಟು, ಆ ಹಣ ಯಾವ ಬಾಬ್ತಿನಿಂದ ಬರಬೇಕು, ಯಾವ ಅಧಿಕಾರಿ ಯಾವ ಕಾಯ್ದೆಯ ಯಾವ ಕಲಮಿನಡಿ ಮೊದಲ ಆದೇಶ ಹೊರಡಿಸಬೇಕು ಎಂದು ಬರೆಯಿಸಿ. ‘ಸಂಬಂಧಪಟ್ಟವರು ಸೂಕ್ತ ಕ್ರಮ ಕೈಗೊಳ್ಳಬೇಕು’ ಎಂಬ ವಾಕ್ಯ ಕಂಡರೆ ವಾಪಸು ಕಳಿಸಿ.

ಒಮ್ಮತಕ್ಕಾಗಿ ಒತ್ತಾಯಿಸಬೇಡಿ. ಮೂವತ್ತು ಜನ ಒಪ್ಪಿ ಆರು ಜನ ಒಪ್ಪದಿದ್ದರೆ ಆ ಆರು ಜನರ ಭಿನ್ನಮತದ ಟಿಪ್ಪಣಿಯೂ ಅದೇ ಕವರಿನಲ್ಲಿ ಹೋಗಲಿ. ತೀರ್ಮಾನ ಮಾಡುವವರಿಗೆ ಅದರಿಂದ ಉಪಕಾರವೇ ಹೆಚ್ಚು.

10. ಮುಗಿದ ಮೇಲೆ

ಬಹಳಷ್ಟು ಕೋರ್ಸುಗಳು ಪ್ರಮಾಣಪತ್ರ ಹಂಚಿದ ದಿನ ಕೊನೆಯಾಗುತ್ತವೆ. ಅದರ ಬೆಲೆ ಎಷ್ಟು ಎಂಬುದಕ್ಕೆ ಎರಡು ದಾಖಲಾದ ನಿದರ್ಶನಗಳಿವೆ. ಅಮೆರಿಕದ ಲೂಸಿಯಾನಾದಲ್ಲಿ 2004ರ ಜುಲೈನಲ್ಲಿ ‘ಪ್ಯಾಮ್’ ಎಂಬ ಕಾಲ್ಪನಿಕ ಚಂಡಮಾರುತ ನ್ಯೂ ಆರ್ಲಿಯನ್ಸ್‌ಗೆ ಅಪ್ಪಳಿಸಿದಂತೆ ಐದು ದಿನಗಳ ಅಭ್ಯಾಸ ನಡೆಸಿದ್ದರು. ನಗರ ಮುಳುಗುತ್ತದೆ, ಸಾವಿರಾರು ಜನ ಒಳಗೇ ಸಿಕ್ಕಿಬೀಳುತ್ತಾರೆ ಎಂಬುದು ಅದರಲ್ಲಿಯೇ ಕಂಡಿತ್ತು. ಮುಂದುವರಿದ ಕಾರ್ಯಾಗಾರದ ಓಡಾಟಕ್ಕೆ ಹಣ ಒದಗದೆ ಕೆಲಸ ತಡವಾಯಿತು. 2005ರ ಆಗಸ್ಟ್‌ನಲ್ಲಿ ನಿಜವಾದ ಚಂಡಮಾರುತ ಕತ್ರಿನಾ ಬಂದಾಗ ಯೋಜನೆ ಅರೆಬರೆಯಾಗಿತ್ತು. ಬ್ರಿಟನ್ 2016ರ ಅಕ್ಟೋಬರಿನಲ್ಲಿ ‘ಸಿಗ್ನಸ್’ ಹೆಸರಿನ ಮೂರು ದಿನಗಳ ಸಾಂಕ್ರಾಮಿಕ ಅಭ್ಯಾಸ ನಡೆಸಿ, ತೀವ್ರ ಸಾಂಕ್ರಾಮಿಕವನ್ನು ಎದುರಿಸಲು ದೇಶದ ಸಿದ್ಧತೆ ಸಾಲದು ಎಂದು ಬರೆದಿಟ್ಟಿತು. ಆ ವರದಿ ಜನರ ಕೈಗೆ ಸಿಕ್ಕಿದ್ದು 2020ರಲ್ಲಿ, ಕೋವಿಡ್ ನಡುವೆ.

ಹಾಗಾಗಿ ಕೋರ್ಸಿನ ಬಜೆಟ್ಟಿನಲ್ಲಿಯೇ ಮುಂದಿನ ಎರಡು ವರ್ಷಗಳ ಅನುಸರಣೆಗೆ ಹಣ ಮೀಸಲಿಡಿ. ಒಬ್ಬ ಅಧಿಕಾರಿಗೆ ಅದೊಂದೇ ಕೆಲಸ ಕೊಡಿ. ಆರು ತಿಂಗಳಿಗೊಮ್ಮೆ ಎಲ್ಲ ಶಿಬಿರಾರ್ಥಿಗಳನ್ನು ಒಂದು ದಿನದ ಮಟ್ಟಿಗೆ ಕರೆಸಿ. ತೃಪ್ತಿ ಸಮೀಕ್ಷೆಯ ಫಾರಂ ಬದಲು ಒಂದೇ ಪ್ರಶ್ನೆ ಕೇಳಿ: ಈ ಆರು ತಿಂಗಳಲ್ಲಿ ಕೋರ್ಸಿನಲ್ಲಿ ಪರಿಚಯವಾದ ಯಾರಿಗೆ, ಯಾವ ಕೆಲಸಕ್ಕಾಗಿ ಫೋನು ಮಾಡಿದಿರಿ? ಬಂದರಿನ ಅಧಿಕಾರಿ ವಿಮಾ ಕಂಪನಿಯವರಿಗೆ, ಆರೋಗ್ಯ ಕಾರ್ಯದರ್ಶಿ ಶೀತಲ ಸರಪಳಿ ನಡೆಸುವವರಿಗೆ ಫೋನು ಮಾಡಿದ ಉದಾಹರಣೆಗಳು ಸಿಕ್ಕರೆ ಕೋರ್ಸು ಕೆಲಸ ಮಾಡುತ್ತಿದೆ. ಸ್ನೇಹಕೂಟಕ್ಕೆ ಮಾತ್ರ ಫೋನು ಮಾಡಿದ್ದರೆ ಮುಂದಿನ ಸಲ ಆಯ್ಕೆ ಮತ್ತು ತಂಡಗಳ ರಚನೆ ಎರಡನ್ನೂ ಬದಲಿಸಿ.

ಉದ್ಯಮಿಗಳ ಗೆಳೆತನವನ್ನು ಇಲಾಖೆಯ ಕೆಲಸ ಮಾಡಿಸಿಕೊಳ್ಳಲು ಬಳಸಿದ ದೂರು ಬಂದರೆ ಮುಲಾಜಿಲ್ಲದೆ ವಿಚಾರಿಸಿ, ಮೊದಲ ದಿನ ಸಹಿ ಮಾಡಿಸಿಕೊಂಡ ಘೋಷಣೆ ಇರುವುದು ಅದಕ್ಕೇ.

ಸಚಿವಾಲಯದಿಂದ ಬರಬೇಕಾದ ಲಿಖಿತ ಉತ್ತರವನ್ನು ತೊಂಬತ್ತನೇ ದಿನ ಜ್ಞಾಪಿಸಿ, ನೂರನೇ ದಿನ ಖುದ್ದಾಗಿ ಹೋಗಿ ಕೇಳಿ. ಉತ್ತರದಲ್ಲಿ ‘ಪರಿಶೀಲಿಸಲಾಗುವುದು’ ಎಂದಷ್ಟೇ ಇದ್ದರೆ ಯಾರು, ಯಾವ ದಿನಾಂಕದೊಳಗೆ ಎಂದು ಕೇಳಿ ಮತ್ತೆ ಬರೆಯಿರಿ. ಬಂದ ಉತ್ತರವನ್ನು ವರದಿ ಬರೆದ ಶಿಬಿರಾರ್ಥಿಗಳಿಗೆಲ್ಲ ಕಳಿಸಿ. ಮುಂದಿನ ವರ್ಷದ ಮೊದಲ ದಿನ, ಉದ್ಘಾಟನಾ ಭಾಷಣದ ಜಾಗದಲ್ಲಿ, ಹಿಂದಿನ ವರ್ಷದ ಶಿಫಾರಸುಗಳಲ್ಲಿ ಯಾವುದು ಒಪ್ಪಿಗೆಯಾಯಿತು, ಯಾವುದು ತಿರಸ್ಕೃತವಾಯಿತು, ಯಾವ ಕಾರಣಕ್ಕೆ ಎಂಬ ಪಟ್ಟಿಯನ್ನು ಸಂಬಂಧಪಟ್ಟ ಕಾರ್ಯದರ್ಶಿಯೇ ಬಂದು ಓದಲಿ, ಹೊಸಬರು ಅವರನ್ನು ಒಂದು ಗಂಟೆ ಪ್ರಶ್ನೆ ಕೇಳಲಿ.